ಯಾರೂ ಬೈಯದ ಊರಿನಲ್ಲಿ

ಕೇಳುಗರಿಗೆ ನಮಸ್ಕಾರ.

ನಮ್ಮಲ್ಲಿ ಚಪ್ಪಲಿ ಮೆಟ್ಟಿಕೊಂಡು ದೇವಸ್ಥಾನದ ಹೊಸ್ತಿಲು ದಾಟಿದರೆ ಒಳಗಿನಿಂದ ನಾಲ್ಕು ದನಿಗಳು ಒಟ್ಟಿಗೆ ಏಳುತ್ತವೆ. ಜಪಾನಿನಲ್ಲಿ ಆ ಭಾಗ್ಯವಿಲ್ಲ. ನಾವು ತಪ್ಪಿದರೆ ಎದುರಿಗಿದ್ದವರು ಮುಗುಳ್ನಗುತ್ತಾರೆ, ಇಲ್ಲವೇ ನೋಡಿಯೇ ಇಲ್ಲವೆಂಬಂತೆ ಇದ್ದುಬಿಡುತ್ತಾರೆ. ಹಳೆಯದೊಂದು ವಸತಿಗೃಹದಲ್ಲಿ ನಾನು ಶೌಚಾಲಯಕ್ಕೆಂದೇ ಇಟ್ಟಿದ್ದ ಚಪ್ಪಲಿಯಲ್ಲಿ ಊಟದ ಕೋಣೆಯ ತಾತಾಮಿ ಚಾಪೆಯ ಮೇಲೆ ನಡೆದುಹೋದೆ. ಯಾರೂ ತುಟಿ ಬಿಚ್ಚಲಿಲ್ಲ. ಅಜ್ಜಿಯೊಬ್ಬರು ಬಂದು, ಸೊಂಟ ಬಾಗಿಸಿ, ನಾನು ಬಿಟ್ಟ ಚಪ್ಪಲಿಯನ್ನು ಎತ್ತಿಕೊಂಡು ಹೋದರು. ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದೆ.

ಆದ್ದರಿಂದ ಅಲ್ಲಿನ ರೀತಿನೀತಿಯನ್ನು ಹೊರಡುವ ಮೊದಲೇ ಕಲಿತುಕೊಳ್ಳಬೇಕು. ಬಾಗಿಲಿನ ಒಳಗೆ ತಗ್ಗಾದ ಜಾಗವಿರುತ್ತದೆ, ಅದು ಗೆಂಕಾನ್. ಹೊರಗಿನ ಪಾದರಕ್ಷೆ ಅಲ್ಲಿಗೆ ಮುಗಿಯಿತು. ಒಳಗಿನ ಚಪ್ಪಲಿ ಮರದ ನೆಲಕ್ಕೆ ಮಾತ್ರ. ತಾತಾಮಿಯ ಮೇಲೆ ಅದೂ ಇಲ್ಲ. ತೂತಿಲ್ಲದ ಕಾಲುಚೀಲ ಕೊಂಡುಹೋಗಿ, ನಗಬೇಡಿ, ದಿನಕ್ಕೆ ಹತ್ತು ಸಲ ಅದರ ಪ್ರದರ್ಶನ ನಡೆಯುತ್ತದೆ.

ಇದೆಲ್ಲದರ ಬೇರು ಒಂದು ಮಾತಿನಲ್ಲಿದೆ: ಮೇವಾಕು. ನಮ್ಮಿಂದ ಇನ್ನೊಬ್ಬರಿಗೆ ಆಗುವ ಕಿರಿಕಿರಿ ಎಂದು ಅರ್ಥ. ರೈಲಿನಲ್ಲಿ ಮೊಬೈಲ್ ಮೌನವಾಗಿರುವುದು, ಬೆನ್ನಿನ ಚೀಲ ಎದೆಯ ಮುಂದಕ್ಕೆ ಬರುವುದು ಇದರಿಂದಲೇ. ಬೀದಿಯಲ್ಲಿ ಕಸದ ಡಬ್ಬಿ ಸಿಗುವುದೂ ಅಪರೂಪ. 1995ರಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲದ ದಾಳಿ ನಡೆದ ಮೇಲೆ ಬಹಳಷ್ಟು ಡಬ್ಬಿಗಳನ್ನು ತೆಗೆದುಹಾಕಿದರು. ಬಾಳೆಹಣ್ಣಿನ ಸಿಪ್ಪೆ ರಾತ್ರಿಯವರೆಗೂ ನಿಮ್ಮ ಜೊತೆಗೇ ಪ್ರವಾಸ ಮಾಡುತ್ತದೆ. ಟಿಪ್ಸ್ ಕೊಡಬೇಡಿ, ಮರೆತುಹೋದಿರೆಂದು ಹಣ ಹಿಡಿದು ಹಿಂದೆ ಓಡಿಬರುತ್ತಾರೆ.

ಊಟದ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಸತ್ತವರ ಮುಂದೆ ಅನ್ನವನ್ನು ಹಾಗೆ ಇಡುತ್ತಾರೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು, ದಹನದ ನಂತರ ಬಂಧುಗಳು ಅಸ್ಥಿಯನ್ನು ಎತ್ತುವುದು ಹಾಗೆ. ಎಲೆಯ ಮುಂದೆ ಕುಳಿತು ಪಿಂಡದ ಮಾತು ಎತ್ತಬಾರದೆಂದು ಕಲಿತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಸ್ಯಾಹಾರಿಗಳೇ, ‘ಮಾಂಸ ಬೇಡ’ ಎಂದರೆ ಸಾಲದು. ಅಲ್ಲಿ ಮಾಂಸ ಎಂದರೆ ‘ನಿಕು’, ಮೀನು ಅದರಲ್ಲಿ ಸೇರುವುದಿಲ್ಲ, ಅದಕ್ಕೆ ‘ಸಕಾನಾ’ ಎಂಬ ಬೇರೆಯೇ ಪದವಿದೆ. ಉದೋನ್ ಶ್ಯಾವಿಗೆಯ ಸಾರು, ಮಿಸೋ ಸೂಪು, ಬೇಯಿಸಿದ ಸೊಪ್ಪು, ಎಲ್ಲದರ ತಳದಲ್ಲೂ ಸಾಮಾನ್ಯವಾಗಿ ‘ದಾಶಿ’ ಎಂಬ ಕಟ್ಟು ಇರುತ್ತದೆ, ಅದು ಹೆಚ್ಚಾಗಿ ಒಣಮೀನಿನದು. ನಿಕು, ಸಕಾನಾ, ದಾಶಿ: ಈ ಮೂರು ಪದಗಳನ್ನು ಜಪಾನೀ ಲಿಪಿಯಲ್ಲಿ ಬರೆಸಿಕೊಂಡು, ಇವು ಬೇಡವೆಂದು ತೋರಿಸಿ. ಕೊಂಬು ಎಂಬ ಕಡಲಕಳೆಯ ದಾಶಿಯಾದರೆ ಚಿಂತೆಯಿಲ್ಲ. ನಿಶ್ಚಿಂತೆಯಾಗಿ ಉಣ್ಣಬೇಕೆಂದರೆ ಕೋಯಾಸಾನ್ ಬೆಟ್ಟದ ಬೌದ್ಧ ಮಠಗಳಲ್ಲಿ ಒಂದು ರಾತ್ರಿ ತಂಗಿ. ಅಲ್ಲಿನ ಶೋಜಿನ್ ಅಡುಗೆಯಲ್ಲಿ ಮೀನು ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಉಡುಪಿಯ ಮಠದಲ್ಲಿ ಉಂಡವರಿಗೆ ಆ ಮಡಿಯ ಗುರುತು ಸಿಗುತ್ತದೆ, ಒಗ್ಗರಣೆಯ ಘಮಘಮ ಮಾತ್ರ ಸಿಗದು.

ಇನ್ನು ಔಷಧಿ. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಅಲ್ಲಿನ ಸರ್ಕಾರದಿಂದ ಮೊದಲೇ ಅನುಮತಿ ಪಡೆಯದೆ ಒಯ್ಯುವಂತಿಲ್ಲ. ವೈದ್ಯರ ಚೀಟಿ ಇದ್ದರೂ ಅಷ್ಟೇ. ಅಮ್ಮ ತುಂಬಿಕೊಟ್ಟ ಔಷಧಿಯ ಡಬ್ಬಿಯನ್ನು ಹೊರಡುವ ಮೊದಲು ಒಮ್ಮೆ ಓದಿ ನೋಡಿ. ಪಾಸ್‌ಪೋರ್ಟ್ ಕೋಣೆಯಲ್ಲಿಟ್ಟು ಅಡ್ಡಾಡಬೇಡಿ, ಸದಾ ಜೊತೆಯಲ್ಲಿರಬೇಕೆಂಬುದು ಕಾನೂನು. ಏನಾದರೂ ಕಳೆದುಹೋದರೆ ಬೀದಿಬದಿಯ ಕೋಬಾನ್ ಎಂಬ ಪುಟ್ಟ ಪೊಲೀಸ್ ಠಾಣೆಗೆ ಹೋಗಿ ಕೇಳಿ, ಸಿಕ್ಕವರು ಅಲ್ಲಿಗೆ ತಂದುಕೊಡುವುದು ವಾಡಿಕೆ.

ಪಿಸುಮಾತಿನ ಆ ರೈಲಿನಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚುವ ಸಂದರ್ಭ ಒಂದಿದೆ. ಅದು ಭೂಕಂಪದ ಮುನ್ನೆಚ್ಚರಿಕೆ. ಜೋರು ಅಲುಗಾಟ ನಿಮ್ಮನ್ನು ಮುಟ್ಟಲು ಕೆಲವೇ ಸೆಕೆಂಡುಗಳು ಉಳಿದಿರುತ್ತವೆ, ಒಮ್ಮೊಮ್ಮೆ ಅಷ್ಟೂ ಇಲ್ಲ. ಹೊರಗೆ ಓಡಬೇಡಿ, ಗಾಜು ಮತ್ತು ಫಲಕಗಳು ಬೀಳುವುದು ಅಲ್ಲಿಯೇ. ಮೇಜಿನ ಕೆಳಗೆ ನುಸುಳಿ ತಲೆ ಕಾಪಾಡಿಕೊಳ್ಳಿ. ಕಡಲ ತೀರದಲ್ಲಿದ್ದು ಅಲುಗಾಟ ಜೋರಾಗಿದ್ದರೆ, ಅಥವಾ ಮೆಲ್ಲಗಿದ್ದರೂ ಬಹಳ ಹೊತ್ತು ನಡೆದರೆ, ಸೈರನ್‌ಗೆ ಕಾಯದೆ ಎತ್ತರಕ್ಕೆ ಹೊರಡಿ. ಈಶಾನ್ಯದ ಸಾನ್ರಿಕು ತೀರದಲ್ಲಿ ‘ತ್ಸುನಾಮಿ ತೆಂದೆಂಕೋ’ ಎಂಬ ಮಾತಿದೆ: ಸುನಾಮಿ ಬಂದಾಗ ಯಾರಿಗೂ ಕಾಯದೆ ಅವರವರು ಓಡಬೇಕು. ಕೇಳಲು ಕ್ರೂರ. ಆದರೆ 2011ರ ಮಾರ್ಚ್ 11ರಂದು ಕಾಮಾಯಿಶಿ ಊರಿನ ಶಾಲೆಗಳ ಮಕ್ಕಳು ಅದನ್ನು ಕಲಿತಿದ್ದರಿಂದಲೇ ಗುಡ್ಡ ಹತ್ತಿ ಉಳಿದರು. ಸೂಟ್‌ಕೇಸಿಗಾಗಿ ಹಿಂದಿರುಗಬೇಡಿ.

ಪೊಲೀಸರಿಗೆ 110. ಬೆಂಕಿಗೂ ಆಂಬ್ಯುಲೆನ್ಸಿಗೂ 119. ಆ ಕಡೆಯಿಂದ ಮೊದಲು ಕೇಳುವ ಪ್ರಶ್ನೆ, ‘ಕಾಜಿ ದೆಸು ಕಾ, ಕ್ಯೂಕ್ಯೂ ದೆಸು ಕಾ?’ ಬೆಂಕಿಯೋ, ಆಂಬ್ಯುಲೆನ್ಸೋ ಎಂದು. ಎದೆನೋವಿನಲ್ಲಿ ವ್ಯಾಕರಣ ಹುಡುಕಬೇಡಿ. ‘ಕ್ಯೂಕ್ಯೂ’ ಎನ್ನಿ, ಬರುತ್ತಾರೆ.