ಶುಂಠಿ ಹೆಪ್ಪು, ಬೇರಿನ ಸೋಡಾ ಮತ್ತು ಮಂಡ್ಯದ ಸೆಕೆ

ಸ್ನೇಹಿತರೇ,

ಮನೆಯಲ್ಲೇ ಸೋಡಾ ಮಾಡುವುದನ್ನು ಹೇಳಿಕೊಡಿ ಎಂದು ಕರೆದಿದ್ದೀರಿ. ಗ್ಯಾಸ್ ಸಿಲಿಂಡರ್ ಬೇಡ, ಅಡುಗೆ ಸೋಡಾ ಬೇಡ. ಹಸಿ ಶುಂಠಿ, ಬೆಲ್ಲ, ನೀರು ಇದ್ದರೆ ಸಾಕು. ಮಂಡ್ಯದಲ್ಲಿ ನಿಂತು ಬೆಲ್ಲ ಎಲ್ಲಿ ಸಿಗುತ್ತದೆ ಎಂದು ಹೇಳುವ ಅಧಿಕಪ್ರಸಂಗ ನಾನು ಮಾಡುವುದಿಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಮೊಬೈಲಿನಲ್ಲಿ ಸಿಗುವ ವಿಧಾನಗಳ ದಿನದ ಲೆಕ್ಕವನ್ನು ನಂಬಬೇಡಿ. ಬಹುಪಾಲು ಚಳಿ ದೇಶದವರು ಬರೆದದ್ದು ಅವು. ಅಲ್ಲಿ ವಾರ ಹಿಡಿಯುವ ಕೆಲಸ ನಮ್ಮ ಏಪ್ರಿಲ್ ಸೆಕೆಯಲ್ಲಿ ಎರಡು ಮೂರು ದಿನಕ್ಕೇ ಮುಗಿಯುತ್ತದೆ. ಮಾಗಿಯಲ್ಲಿ ಬೆಳಗಾದರೂ ಉಬ್ಬದ ದೋಸೆ ಹಿಟ್ಟು ಬೇಸಿಗೆಯಲ್ಲಿ ನಡುರಾತ್ರಿಗೇ ಪಾತ್ರೆ ದಾಟಿ ಹರಿಯುವುದನ್ನು ಕಂಡವರಿಗೆ ಇದು ಹೊಸದಲ್ಲ.

ಮೊದಲು ಹೆಪ್ಪು, ಅಂದರೆ ಸೋಡಾವನ್ನು ಹುದುಗಿಸುವ ಶುಂಠಿ ನೀರು. ಹುಣಸೂರು, ಪಿರಿಯಾಪಟ್ಟಣದ ಕಡೆಯ ಶುಂಠಿ ಮಾರುಕಟ್ಟೆಗೆ ಮಣ್ಣು ಮೆತ್ತಿಕೊಂಡೇ ಬರುತ್ತದೆ. ಮಣ್ಣು ತೊಳೆಯಿರಿ, ಸಿಪ್ಪೆ ಮಾತ್ರ ಹೆರೆಯಬೇಡಿ. ನಮಗೆ ಬೇಕಾದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಇರುವುದೇ ಆ ಸಿಪ್ಪೆಯ ಮೇಲೆ. ಇವೆರಡೂ ಜೊತೆಯಾಗಿ ಬದುಕುವುದನ್ನು 1892ರಲ್ಲಿ ಮಾರ್ಷಲ್ ವಾರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ ಜಿಂಜರ್ ಬಿಯರ್ ಎಂಬ ಶುಂಠಿ ಪಾನೀಯದ ಹೆಪ್ಪಿನಲ್ಲಿ ಗುರುತಿಸಿದ್ದ. ಎರಡು ಚಮಚ ಶುಂಠಿ ತುರಿ, ಎರಡು ಚಮಚ ಬೆಲ್ಲದ ಪುಡಿ, ಎರಡು ಲೋಟ ನೀರು, ಇವಿಷ್ಟನ್ನು ಗಾಜಿನ ಜಾಡಿಗೆ ಹಾಕಿ ಬಟ್ಟೆ ಕಟ್ಟಿ. ನಲ್ಲಿ ನೀರಿನ ಕ್ಲೋರಿನ್ ಈ ಜೀವಿಗಳಿಗೆ ಆಗದು. ಕುದಿಸಿ ಆರಿಸಿದ ನೀರೇ ಲೇಸು. ದಿನವೂ ಒಂದೊಂದು ಚಮಚ ಶುಂಠಿ, ಬೆಲ್ಲ ಸೇರಿಸಿ ಕಲಕುತ್ತಿರಿ.

ಆಮೇಲೆ ಜಾಡಿಯನ್ನು ನೋಡುವುದೇ ಕೆಲಸ. ಮೊದಲ ದಿನ ತುರಿ ತಳದಲ್ಲಿ ಮಂಕಾಗಿ ಕುಳಿತಿರುತ್ತದೆ. ಹುದುಗು ಹಿಡಿದ ಮೇಲೆ ಒಂದೊಂದು ಎಳೆಗೂ ಸಣ್ಣ ಗುಳ್ಳೆ ಅಂಟಿಕೊಂಡು ತುರಿಯೆಲ್ಲ ಮೇಲೆದ್ದು ಬರುತ್ತದೆ. ಚಮಚ ಆಡಿಸಿದರೆ ಕಿವಿಗೆ ಕೇಳುವಂತೆ ಚುಸ್ ಎನ್ನುತ್ತದೆ. ಆಗ ಹೆಪ್ಪು ತಯಾರು, ಅದು ಎರಡನೆಯ ದಿನವೋ ಆರನೆಯ ದಿನವೋ ಎಂಬ ಗೊಡವೆ ಬೇಡ. ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಮಾತ್ರ ಮರುಯೋಚನೆ ಮಾಡದೆ ಚೆಲ್ಲಿಬಿಡಿ.

ಇನ್ನು ಬೇರು. ಅಮೆರಿಕದವರ ಬೇರಿನ ಸೋಡಾವಾದ ರೂಟ್ ಬಿಯರ್‌ಗೆ ಸಾಸಾಫ್ರಾಸ್ ಎಂಬ ಮರದ ಬೇರೇ ಜೀವಾಳವಾಗಿತ್ತು. ಅದರಲ್ಲಿರುವ ಸಾಫ್ರೋಲ್ ಎಂಬ ವಸ್ತುವನ್ನು ಅಲ್ಲಿನ ಸರ್ಕಾರ 1960ರಲ್ಲಿ ಆಹಾರದಿಂದ ನಿಷೇಧಿಸಿತು. ನಮಗೆ ಸೊಗದೆ ಬೇರಿದೆ, ಉಪ್ಪಿನಕಾಯಿಗೆ ಹಾಕುವ ಮಾಗಳಿ ಬೇರಿದೆ. ಎರಡರ ಪರಿಮಳಕ್ಕೂ ಕಾರಣವಾದ ಮುಖ್ಯ ವಸ್ತು ಒಂದೇ, ಅದು ವೆನಿಲಾದಲ್ಲಿರುವ ವೆನಿಲಿನ್‌ಗೆ ದಾಯಾದಿ. ಅಣುಸೂತ್ರ ಒಂದೇ, ಜೋಡಣೆ ಬೇರೆ. ಬೇರನ್ನು ಗಳಗಳ ಕುದಿಸಿದರೆ ಆ ಪರಿಮಳ ಅಡುಗೆಮನೆಯ ಪಾಲಾಗುತ್ತದೆ. ಜಜ್ಜಿ, ಬಿಸಿ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ ಆರಲು ಬಿಡಿ. ಮಾಗಳಿ ಬೇರಿನ ಎಣ್ಣೆ ಸೂಕ್ಷ್ಮಜೀವಿಗಳನ್ನು ಅಡಗಿಸುವಂಥದ್ದು. ಆದ್ದರಿಂದ ಹೆಪ್ಪಿನ ಜಾಡಿಗೆ ಅದನ್ನು ಸೋಕಿಸಬೇಡಿ, ಸೋಡಾಗೂ ಮಿತವಾಗಿ ಬಳಸಿ. ಒಂದು ಲೀಟರ್ ಸೋಸಿದ ಕಷಾಯಕ್ಕೆ ಸುಮಾರು 100 ಗ್ರಾಂ ಬೆಲ್ಲ ಕರಗಿಸಿ, ಪೂರ್ತಿ ತಣ್ಣಗಾದ ಮೇಲೆ ಕಾಲು ಲೋಟ ಹೆಪ್ಪಿನ ನೀರು, ಅರ್ಧ ನಿಂಬೆಯ ರಸ ಬೆರೆಸಿ ಬಾಟಲಿಗೆ ತುಂಬಿ. ಬೆಲ್ಲ ಕಪ್ಪಗಿದ್ದಷ್ಟೂ ನನಗೆ ಇಷ್ಟ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬೆಳ್ಳಗೆ ಮಾಡಿದ ಬೆಲ್ಲದ ಅಂದವನ್ನು ನೋಡಿ ಮರುಳಾಗಬೇಡಿ.

ಈಗ ಅಪಾಯದ ಮಾತು. 100 ಗ್ರಾಂ ಬೆಲ್ಲವನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸಿದರೆ 20 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಲೀಟರ್ ಸೋಡಾ ಚೆನ್ನಾಗಿ ನೊರೆಯಲು ಮೂರು ನಾಲ್ಕು ಲೀಟರ್ ಅನಿಲ ಸಾಕು. ಮಿಕ್ಕದ್ದು ಎಲ್ಲಿಗೆ ಹೋದೀತು? ಮುಚ್ಚಳ ಬಿಗಿದ ಗಾಜಿನ ಬಾಟಲಿ ಸಿಡಿದರೆ ಚೂರು ಗೋಡೆಗೂ ನಾಟುತ್ತದೆ, ಕಣ್ಣಿಗೂ ನಾಟುತ್ತದೆ. ಆದ್ದರಿಂದ ಹೊಸಬರು ಸೋಡಾ ಬರುವ ದಪ್ಪ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ, ಕುತ್ತಿಗೆಯಲ್ಲಿ ನಾಲ್ಕು ಬೆರಳು ಜಾಗ ಬಿಡಿ. ಬೆಳಿಗ್ಗೆ ಸಂಜೆ ಒತ್ತಿ ನೋಡಿ. ಬೆರಳಿಗೆ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ; ಬಿರುಬೇಸಿಗೆಯಲ್ಲಿ ಅದಕ್ಕೆ ಒಂದು ಹಗಲು ಸಾಕಾಗಬಹುದು. ಫ್ರಿಜ್ಜಿನ ತಂಪು ಹುದುಗನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಹಾಗಾಗಿ ಬೇಗ ಕುಡಿದು ಮುಗಿಸಿ.

ಗೋಲಿ ಸೋಡಾ ಬಾಟಲಿಯಲ್ಲಿ ತುಂಬಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯಲ್ಲಿ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವುದು ಒಳಗಿನ ಅನಿಲವೇ. ನಮ್ಮ ಸೋಡಾದಲ್ಲಿ ಅನಿಲ ನಿಧಾನವಾಗಿ ಹುಟ್ಟುವುದರಿಂದ ಗೋಲಿ ಮೇಲೇರುವ ಮೊದಲೇ ಸೋರಿಹೋಗುತ್ತದೆ.

ಯೀಸ್ಟ್ ಅನಿಲದ ಜೊತೆಗೆ ಚೂರು ಮದ್ಯಸಾರವನ್ನೂ ಮಾಡುತ್ತದೆ, ಇಟ್ಟಷ್ಟೂ ಅದು ಹೆಚ್ಚುತ್ತದೆ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ, ಮದ್ಯ ಮುಟ್ಟಬಾರದೆಂಬ ವ್ರತ ಇರುವವರಿಗೆ ಕೊಡಬೇಡಿ. ಸಕ್ಕರೆ ಕಾಯಿಲೆಯವರೂ ಹುದುಗಿದ್ದಲ್ಲವೇ ಎಂದು ಲೋಟ ಚಾಚಬೇಡಿ, ಬೆಲ್ಲದ ಬಹುಪಾಲು ಅದರಲ್ಲೇ ಉಳಿದಿರುತ್ತದೆ. ಉಳಿದವರಿಗೆ ಸೊಗದೆ ಬೇರಿನ ನಾಲ್ಕು ಬಾಟಲಿ ತಂದಿದ್ದೇನೆ. ದಾರಿಯಲ್ಲಿ ಕುಲುಕಿವೆ, ಬಕೆಟ್ಟಿನ ಮೇಲೆ ಹಿಡಿದು ತೆರೆಯಬೇಕು. ಅಷ್ಟರಲ್ಲಿ ನಿಮ್ಮ ಪ್ರಶ್ನೆಗಳನ್ನು ಕೇಳಿ.