ಇಮ್ಯುನಿಟಿ ಬಾಟಲಿ ಆಮೇಲೆ, ಮೊದಲು ಒಲೆ ಹೊಗೆ ಹೊರಗೆ ಹೋಗಲಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ, ಕುಶಾಲನಗರದ ಸ್ಪೈಸಸ್ ಅಂಗಡಿಗಳಿಗೆ ಹೋದ್ರೆ ಜೇನು, ಕಾಳುಮೆಣಸು, ಅರಿಶಿನದ ಬಾಟಲಿಗಳ ಮೇಲೆ ‘ಇಮ್ಯುನಿಟಿ ಬೂಸ್ಟರ್’ ಅಂತ ಬರೆದಿರೋದು ಕಾಣುತ್ತೆ. ಕೋವಿಡ್ ಬಂದು ಹೋದ ಮೇಲೆ ಆ ಮಾತು ನಮ್ಮ ಬಾಯಲ್ಲೂ ಕೂತುಬಿಟ್ಟಿದೆ. ಕ್ಯಾನ್ಸರ್ ಬಂದವರನ್ನ ನೋಡೋಕೆ ಹೋದವರೂ ಅದನ್ನೇ ಹೇಳ್ತಾರೆ: ‘ಇಮ್ಯುನಿಟಿ ಕಮ್ಮಿ ಆಗಿತ್ತು, ಅದಕ್ಕೇ ಬಂತು. ಇದನ್ನ ದಿನಾ ಕುಡಿಸಿ.’ ಶ್ವಾಸಕೋಶದ ಕ್ಯಾನ್ಸರ್ ವಿಷಯದಲ್ಲಿ ಈ ಮಾತು ನಮ್ಮನ್ನ ದಾರಿ ತಪ್ಪಿಸ್ತಿದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬಾಟಲಿ ಕಡೆ ನೋಡ್ತಾ ನೋಡ್ತಾ ನಾವು ಒಲೆ ಕಡೆ ನೋಡೋದನ್ನೇ ಬಿಟ್ಟಿದ್ದೀವಿ.

ಯಾಕೆ ಅಂತ ಹೇಳ್ತೀನಿ. ಶ್ವಾಸಕೋಶದ ತುದಿಯಲ್ಲಿರೋ ಗಾಳಿಚೀಲಗಳ ಒಳಗೆ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳಿವೆ. ನಮ್ಮ ರೋಗನಿರೋಧಕ ವ್ಯವಸ್ಥೆಯವೇ. ಉಸಿರಿನ ಜೊತೆ ಬಂದ ಧೂಳು, ರೋಗಾಣು, ಮಸಿ, ಎಲ್ಲವನ್ನೂ ನುಂಗೋದು ಅವುಗಳ ಕೆಲಸ. ರೋಗಾಣು ಆದ್ರೆ ಒಳಗೇ ಕರಗಿಸಿಬಿಡ್ತವೆ. ಮಸಿ ಕರಗಲ್ಲ. ವರ್ಷಗಟ್ಟಲೆ ಹೊಗೆ ಕುಡಿದವರ ಈ ಜೀವಕೋಶವನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಒಳಗೆ ಕಪ್ಪು ಚುಕ್ಕೆಗಳು ತುಂಬಿಕೊಂಡಿರ್ತವೆ. ಅರಗಿಸಿಕೊಳ್ಳೋಕೆ ಆಗದೆ ಅವು ಸುತ್ತಮುತ್ತ ರಾಸಾಯನಿಕ ಸಂಕೇತ ಬಿಡ್ತವೆ. ಅದರಲ್ಲಿ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-1 ಬೀಟಾ. ಅದು ಬಂತು ಅಂದ್ರೆ ಉರಿಯೂತ ಶುರು. ಗಾಯ ಆದಾಗ ಇದೇ ಉರಿಯೂತ ನಮ್ಮನ್ನ ಕಾಪಾಡುತ್ತೆ, ಕೆಲಸ ಮುಗಿಸಿ ಇಳಿದು ಹೋಗುತ್ತೆ. ದಿನಾ ಹೊಗೆ ಬಂದ್ರೆ ಇಳಿಯೋದಕ್ಕೆ ಸಮಯವೇ ಸಿಗಲ್ಲ.

ಗಡ್ಡೆಗಳ ಒಳಗೆ ಬಿಳಿ ರಕ್ತಕಣ ಇರೋದನ್ನ 1863ರಲ್ಲೇ ಜರ್ಮನಿಯ ರುಡಾಲ್ಫ್ ವಿರ್ಚೋ ಗಮನಿಸಿದ್ರು. ಉರಿಯೂತಕ್ಕೂ ಕ್ಯಾನ್ಸರ್‌ಗೂ ನಂಟಿದೆ ಅಂದವರು ಅವರು. ಅದರ ಒಳಗುಟ್ಟು ಚೆನ್ನಾಗಿ ಬಿಚ್ಚಿಕೊಂಡದ್ದು ಇತ್ತೀಚೆಗೆ. 2023ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ತಂಡ ಒಂದು ಅಧ್ಯಯನ ಪ್ರಕಟಿಸಿತು. ಕ್ಯಾನ್ಸರ್ ಇಲ್ಲದ ಶ್ವಾಸಕೋಶದ ಅಂಗಾಂಶದ ಮಾದರಿಗಳನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ 18ರಲ್ಲಿ ಇಜಿಎಫ್‌ಆರ್ ಜೀನ್‌ನ ದೋಷ, 53ರಲ್ಲಿ ಕೆಆರ್‌ಎಎಸ್ ಜೀನ್‌ನ ದೋಷ ಸಿಕ್ಕಿತು. ಎರಡೂ ಕ್ಯಾನ್ಸರ್ ತರೋ ದೋಷಗಳೇ. ಅಂದ್ರೆ ವಯಸ್ಸಾಗ್ತಾ ಇಂಥ ಜೀವಕೋಶ ಒಂದೋ ಎರಡೋ ಎಷ್ಟೋ ಜನರ ಎದೆಯೊಳಗೆ ಸುಮ್ಮನೆ ಬಿದ್ದಿರುತ್ತೆ, ಏನೂ ಮಾಡಲ್ಲ. ಅಂಥ ದೋಷ ಇರೋ ಇಲಿಗಳಿಗೆ ಮಲಿನ ಗಾಳಿಯಲ್ಲಿ ತೇಲೋ ಪಿಎಂ 2.5 ಅನ್ನೋ ಸೂಕ್ಷ್ಮ ಕಣ ಕೊಟ್ಟಾಗ ಮ್ಯಾಕ್ರೋಫೇಜ್‌ಗಳು ಮುತ್ತಿಕೊಂಡು ಇಂಟರ್‌ಲ್ಯೂಕಿನ್ ಬಿಟ್ಟವು, ಗಡ್ಡೆ ಬೆಳೀತು. ಆ ಇಂಟರ್‌ಲ್ಯೂಕಿನ್‌ಗೇ ಅಡ್ಡ ಹಾಕಿದಾಗ ಗಡ್ಡೆ ಕಮ್ಮಿ ಆಯ್ತು.

ಇದನ್ನ ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ತೋಟಗಳಲ್ಲಿ ಕೂಲಿಯವರು ಇರೋ ಸಾಲು ಮನೆಗಳು, ಅಂದ್ರೆ ಲೈನ್ ಮನೆಗಳು.

ಕೊಡಗಿನ ಗಾಳಿ ಶುದ್ಧ ಅಂತ ಬೆಂಗಳೂರಿನವರು ಇಲ್ಲಿಗೆ ಬರ್ತಾರೆ. ಹೊರಗಿನ ಗಾಳಿ ನಿಜಕ್ಕೂ ಚೆನ್ನಾಗಿದೆ. ಆದ್ರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೋಟದ ಯಾವುದಾದ್ರೂ ಲೈನ್ ಮನೆ ಅಡುಗೆ ಕೋಣೆಗೆ ಹೋಗಿ ಹತ್ತು ನಿಮಿಷ ಕೂತು ನೋಡಿ. ಇರೋ ಒಂದು ಕಿಟಕಿಗೆ ಎರಚಲು ಹೊಡೀಬಾರದು ಅಂತ ಪ್ಲಾಸ್ಟಿಕ್ ಕಟ್ಟಿರ್ತಾರೆ. ಮರಗಸಿ ಮಾಡಿದಾಗ, ಅಂದ್ರೆ ತೋಟದ ನೆರಳು ಮರಗಳ ಕೊಂಬೆ ಕಡಿದಾಗ, ಸಿಕ್ಕ ಸೌದೆ ಇನ್ನೂ ಹಸಿ, ಉರಿಯೋದಕ್ಕಿಂತ ಹೊಗೆಯೇ ಜಾಸ್ತಿ. ಒಲೆ ಮೇಲೆ ಹಗ್ಗದಲ್ಲಿ ಮಕ್ಕಳ ಯೂನಿಫಾರ್ಮು ಒಣಗ್ತಿರುತ್ತೆ, ಅದಕ್ಕಾಗಿ ಅಡುಗೆ ಮುಗಿದ ಮೇಲೂ ಬೆಂಕಿ ಆರಿಸಲ್ಲ. ಊದುಕೊಳವೆ ಹಿಡಿದು ಕೂತ ಹೆಂಗಸು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅದರ ಎದುರಿಗೇ. ಕೆಮ್ಮಿದ್ಯಲ್ಲಮ್ಮ ಅಂದ್ರೆ, ‘ಮಳೆಗಾಲ ಅಲ್ವಾ ಅಕ್ಕ, ಇದ್ದದ್ದೇ’ ಅಂತಾರೆ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಸ್ವಾಂಟನ್ ತಂಡ ನೋಡಿದ್ದು ಹೊರಗಿನ ಗಾಳಿಯ ಮಾಲಿನ್ಯವನ್ನ. ಸೌದೆ ಹೊಗೆಯಲ್ಲೂ ಪಿಎಂ 2.5 ಕಣ ಧಾರಾಳವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮನೆಯೊಳಗಿನ ಕಲ್ಲಿದ್ದಲ ಹೊಗೆಯನ್ನ ಖಚಿತವಾಗಿ ಕ್ಯಾನ್ಸರ್‌ಕಾರಕ ಅಂದಿದೆ, ಸೌದೆ ಹೊಗೆಯನ್ನ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ‘ಬಹುಮಟ್ಟಿಗೆ ಕ್ಯಾನ್ಸರ್‌ಕಾರಕ’ ಅನ್ನೋ ಪಟ್ಟಿಯಲ್ಲಿ ಇಟ್ಟಿದೆ. ಬೀಡಿ, ಸಿಗರೇಟು ಇವತ್ತಿಗೂ ಎಲ್ಲಕ್ಕಿಂತ ದೊಡ್ಡ ಕಾರಣ. ಸೇದೋರು ಬಿಡಲೇಬೇಕು. ಆದ್ರೆ ನಮ್ಮ ದೇಶದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರ್ತಿದೆ, ಅವರಲ್ಲಿ ಇಜಿಎಫ್‌ಆರ್ ದೋಷವೇ ಹೆಚ್ಚಾಗಿ ಕಾಣೋದು.

ಗಡ್ಡೆ ಒಮ್ಮೆ ಬೇರು ಬಿಟ್ಟ ಮೇಲಿನ ಕಥೆ ಇನ್ನೂ ಕಷ್ಟದ್ದು. ಅದು ಮ್ಯಾಕ್ರೋಫೇಜ್‌ಗಳನ್ನೇ ಕರೆಸಿಕೊಂಡು ತನ್ನ ಕೆಲಸಕ್ಕೆ ಹಚ್ಚುತ್ತೆ. ಅವು ಗಡ್ಡೆಗೆ ಹೊಸ ರಕ್ತನಾಳ ಬೆಳೆಯೋಕೆ ನೆರವಾಗ್ತವೆ, ಹರಡೋಕೆ ದಾರಿ ಮಾಡಿಕೊಡ್ತವೆ. ಕ್ಯಾನ್ಸರನ್ನ ಕೊಲ್ಲಬೇಕಾದ ಟಿ ಜೀವಕೋಶಗಳು ಪಕ್ಕದಲ್ಲೇ ಇದ್ರೂ ಅವುಗಳ ಬ್ರೇಕ್ ಒತ್ತಿ ಹಿಡಿದಿರುತ್ತೆ ಗಡ್ಡೆ. ಆ ಬ್ರೇಕ್ ಕಂಡುಹಿಡಿದು, ಬಿಡಿಸೋ ದಾರಿ ತೋರಿಸಿದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಅನ್ನೋ ಇಂಜೆಕ್ಷನ್‌ಗಳು ಮಾಡೋದು ಅದೇ. ಎಷ್ಟೋ ಜನರಿಗೆ ವರ್ಷಗಳ ಬದುಕು ಕೊಟ್ಟಿವೆ. ಆದ್ರೆ ಬ್ರೇಕ್ ಬಿಟ್ಟ ಟಿ ಜೀವಕೋಶಗಳು ಕೆಲವರಲ್ಲಿ ಒಳ್ಳೆಯ ಶ್ವಾಸಕೋಶದ ಮೇಲೂ ಬಿದ್ದು ಉಸಿರಾಟವೇ ಕಷ್ಟ ಆಗುತ್ತೆ, ಆಗ ಇಂಜೆಕ್ಷನ್ ನಿಲ್ಲಿಸಿ ಸ್ಟೀರಾಯ್ಡ್ ಕೊಡಬೇಕಾಗುತ್ತೆ. ಇಜಿಎಫ್‌ಆರ್ ದೋಷ ಇರೋ ಗಡ್ಡೆಗಳಲ್ಲಂತೂ ಈ ಇಂಜೆಕ್ಷನ್ ಅಷ್ಟಾಗಿ ಕೆಲಸ ಮಾಡಲ್ಲ, ಅವಕ್ಕೆ ಬೇರೆ ಮಾತ್ರೆಗಳಿವೆ. ಇಂಥ ರೋಗನಿರೋಧಕ ವ್ಯವಸ್ಥೆಯನ್ನ ಒಂದು ಚಮಚ ಜೇನಿನಿಂದ ‘ಹೆಚ್ಚಿಸ್ತೀವಿ’ ಅನ್ನೋದರಲ್ಲಿ ಅರ್ಥವಿಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ನಾನೂ ಪ್ರೀತಿಯಿಂದ ತಿಂತೀನಿ, ಅದು ನಮ್ಮ ಹಬ್ಬ. ಅದನ್ನ ಕ್ಯಾನ್ಸರ್ ಔಷಧಿ ಅಂತ ರೋಗಿಗೆ ನಂಬಿಸೋದು ಮಾತ್ರ ಅನ್ಯಾಯ.

ಹಾಗಾದ್ರೆ ಉರಿಯೂತ ಇಳಿಸೋ ಔಷಧಿಯನ್ನೇ ಎಲ್ಲರೂ ತಗೊಳ್ಳಬಹುದಲ್ಲ? ಅದನ್ನೂ ನೋಡಿದ್ದಾರೆ. ಹಿಂದೆ ಹೃದಯಾಘಾತ ಆಗಿದ್ದ 10,061 ಜನರ ಮೇಲೆ ಕ್ಯಾನಕಿನುಮ್ಯಾಬ್ ಅನ್ನೋ ಔಷಧಿಯ ಪ್ರಯೋಗ ನಡೆದು 2017ರಲ್ಲಿ ಫಲಿತಾಂಶ ಬಂತು. ಇಂಟರ್‌ಲ್ಯೂಕಿನ್-1 ಬೀಟಾಗೆ ಅಡ್ಡ ಹಾಕೋ ಔಷಧಿ ಅದು. ಶ್ವಾಸಕೋಶದ ಕ್ಯಾನ್ಸರ್ ಎದ್ದು ಕಾಣೋ ಹಾಗೆ ಕಮ್ಮಿ ಆಯ್ತು. ಆದ್ರೆ ಸೋಂಕಿನಿಂದ ಸತ್ತವರು ಹೆಚ್ಚಿದ್ರು. ಆಮೇಲೆ ಕ್ಯಾನ್ಸರ್ ಆಗಲೇ ಬಂದವರಿಗೆ ಕೊಟ್ಟು ನೋಡಿದಾಗ ನಿರೀಕ್ಷಿಸಿದ ಪ್ರಯೋಜನ ಸಿಗಲಿಲ್ಲ. ನನಗೆ ಇದರಿಂದ ತಿಳಿಯೋದು ಇಷ್ಟೇ: ಉರಿಯೂತವನ್ನ ತಡೀಬೇಕಾದ್ದು ಗಡ್ಡೆ ಬರೋ ಮೊದಲು, ತಡೆಯೋಕೆ ಕ್ಷೇಮವಾದ ಜಾಗ ಒಲೆ.

ತೋಟದ ಸಾಹುಕಾರರಲ್ಲಿ ನನ್ನ ಕೇಳಿಕೆ ಇದು. ಲೈನ್ ಮನೆಯ ಒಲೆಗೆ ಹೊಗೆ ಕೊಳವೆ ಕಟ್ಟಿಸಿ. ಮರಗಸಿ ಸೌದೆಯನ್ನ ಬೇಸಿಗೆಯಲ್ಲೇ ಶೀಟ್ ಕೆಳಗೆ ಒಟ್ಟಿಡೋಕೆ ಜಾಗ ಕೊಡಿ. ಬಟ್ಟೆ ಒಣಗಿಸೋಕೆ ಬೇರೆ ಚಾವಡಿ ಇದ್ರೆ ಮನೆಯೊಳಗಿನ ಬೆಂಕಿ ಅರ್ಧ ಹೊತ್ತಿಗೇ ಆರುತ್ತೆ. 2016ರಿಂದ ಉಜ್ವಲದಲ್ಲಿ ಗ್ಯಾಸ್ ಕೊಟ್ಟಿದ್ದಾರಲ್ಲ ಅಂತೀರಿ. ಸಿಲಿಂಡರ್ ಮುಗಿದ ಮೇಲೆ ತುಂಬಿಸೋ ದುಡ್ಡು ದಿನಗೂಲಿಯಿಂದ ಬರಬೇಕು, ಸೌದೆ ಪುಕ್ಕಟೆ. ಮಳೆಗಾಲದ ನಾಲ್ಕು ತಿಂಗಳಾದ್ರೂ ಆ ದುಡ್ಡಲ್ಲಿ ಒಂದು ಪಾಲು ತೋಟದ ಲೆಕ್ಕದಿಂದ ಹೋಗಲಿ.

ಕೆಮ್ಮೋರಿಗೆ ಇನ್ನೊಂದು ಮಾತು. ಎರಡು ವಾರ ದಾಟಿದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಎಕ್ಸ್‌ರೇಯಲ್ಲಿ ಕಲೆ ಕಂಡ ಕೂಡಲೇ ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಕೊನೆಗೆ ಕ್ಯಾನ್ಸರ್ ಅಂತ ತಿಳಿಯೋದು ನಮ್ಮ ದೇಶದಲ್ಲಿ ಅಪರೂಪ ಅಲ್ಲ. ಕಫದಲ್ಲಿ ಟಿಬಿ ಸಿಗಲಿಲ್ಲ, ಕಲೆಯೂ ಹೋಗಲಿಲ್ಲ ಅಂದ್ರೆ ಸಿಟಿ ಸ್ಕ್ಯಾನ್ ಯಾವಾಗ ಮಾಡಿಸೋಣ ಅಂತ ಡಾಕ್ಟರನ್ನ ನೀವೇ ಕೇಳಿ. ‘ನಾನು ಬೀಡಿ ಸೇದಲ್ಲ, ಆದ್ರೆ ಇಷ್ಟು ವರ್ಷದಿಂದ ಸೌದೆ ಒಲೆ ಮುಂದೆ ಕೂರ್ತೀನಿ’ ಅನ್ನೋದನ್ನೂ ಅವರಿಗೆ ಹೇಳಿ, ಚೀಟಿಯಲ್ಲಿ ಬರೆಸಿ.