ಜನವರಿಯ ಹುಡುಗ, ಡಿಸೆಂಬರಿನ ಹುಡುಗ

ಕೇಳುಗರಿಗೆ ನಮಸ್ಕಾರ.

ನಮ್ಮ ಕೋಲಾರ ಸೀಮೆಯ ಯಾವುದಾದರೂ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ತೆಗೆದು, ಜನ್ಮದಿನಾಂಕದ ಸಾಲಿನ ಮೇಲೆ ಬೆರಳಾಡಿಸಿ ನೋಡಿ. 1-6, 1-6 ಅಂತ ಒಂದರ ಕೆಳಗೊಂದು ಸಿಗುತ್ತದೆ. ಊರಿನ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದರೇನು? ಒಂದನೇ ತರಗತಿಗೆ ಸೇರಿಸುವಾಗ ಜೂನ್ 1ಕ್ಕೆ ಮಗುವಿನ ವಯಸ್ಸು ಎಷ್ಟು ಅಂತ ಲೆಕ್ಕ. ತಾಯಿ "ಯುಗಾದಿ ಕಳೆದು ಎಂಟು ದಿನಕ್ಕೆ ಹುಟ್ಟಿದ್ದು ಸಾರ್" ಅಂದರೆ, ಮೇಷ್ಟ್ರು ಲೆಕ್ಕಕ್ಕೆ ಹೊಂದುವ ತಾರೀಖು ಬರೆದು ಮುಗಿಸುತ್ತಿದ್ದರು. ಆಗ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಈಗ ಅದೇ ತಾರೀಖು ಫುಟ್‌ಬಾಲ್ ಮೈದಾನದಲ್ಲಿ ಮಗುವಿನ ಸ್ಥಾನ ನಿರ್ಧರಿಸುತ್ತದೆ.

ಫುಟ್‌ಬಾಲಿನಲ್ಲಿ ವಯಸ್ಸಿನ ಗಡಿ ಸಾಮಾನ್ಯವಾಗಿ ಜನವರಿ 1. 2013ರ ಜನವರಿ 3ರಂದು ಹುಟ್ಟಿದವನೂ ಡಿಸೆಂಬರ್ 28ರಂದು ಹುಟ್ಟಿದವನೂ ಒಂದೇ ಗುಂಪು. ಇಬ್ಬರಿಗೂ 359 ದಿನದ ಅಂತರ. ಹತ್ತು ವರ್ಷದ ಹುಡುಗ ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಬೆಳೆಯುತ್ತಾನೆ, 2ರಿಂದ 3 ಕಿಲೋ ತೂಕ ಏರುತ್ತದೆ. ಭುಜಕ್ಕೆ ಭುಜ ತಾಗಿಸಿ ಚೆಂಡಿಗೆ ಓಡುವಾಗ ಅಷ್ಟು ಸಾಕು, ಡಿಸೆಂಬರಿನವನು ಪಕ್ಕಕ್ಕೆ ಬೀಳುತ್ತಾನೆ. ನೋಡುವವರು "ಆ ಹುಡುಗ ಸ್ಟ್ರಾಂಗು" ಅಂತ ಜನವರಿಯವನ ಹೆಸರು ಬರೆದುಕೊಳ್ಳುತ್ತಾರೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ನಿಜವಾಗಿಯೂ ಮುಂದೆ ಹೋಗಿರುತ್ತಾನೆ. ಮೊದಲು ಇದ್ದದ್ದು ತಿಂಗಳುಗಳ ಅಂತರ, ಆಮೇಲೆ ಅದೇ ಆಟದ ಅಂತರವಾಗುತ್ತದೆ.

ಕೆನಡಾದಲ್ಲಿ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ಲೆಕ್ಕಹಾಕಿ 1985ರಲ್ಲೇ ಇದನ್ನು ಬರೆದರು. ಹಾಗಾದರೆ ಗಡಿಯ ತಾರೀಖು ಬದಲಿಸಿದರೆ ಆಯಿತಲ್ಲ ಅನ್ನಬಹುದು. ಬೆಲ್ಜಿಯಂನಲ್ಲಿ 1997ರಲ್ಲಿ ಗಡಿಯನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ತಂದರು. ಕಿರಿಯರ ತಂಡಗಳಲ್ಲಿ ಮೊದಲು ಆಗಸ್ಟ್, ಸೆಪ್ಟೆಂಬರಿನವರು ತುಂಬಿದ್ದರು, ಆಮೇಲೆ ಜನವರಿ, ಫೆಬ್ರವರಿಯವರು ತುಂಬಿಕೊಂಡರು. ಲಾಭ ಗಡಿಯ ಹಿಂದೆಯೇ ಹೋಯಿತು.

ನಮ್ಮಲ್ಲಿ ಇನ್ನೊಂದು ಸಿಕ್ಕು ಇದೆ. ಶಾಲೆಯ ಲೆಕ್ಕ ಜೂನಿನಿಂದ, ಆಟದ ಲೆಕ್ಕ ಜನವರಿಯಿಂದ. 2013ರ ಅಕ್ಟೋಬರಿನ ಹುಡುಗಿಯೂ 2014ರ ಫೆಬ್ರವರಿಯ ಹುಡುಗಿಯೂ ಒಂದೇ ತರಗತಿ, ಒಂದೇ ಬೆಂಚು. ಮೈದಾನಕ್ಕೆ ಬಂದರೆ ಮೊದಲನೆಯವಳು 2013ರ ಗುಂಪಿನ ಬಾಲದಲ್ಲಿ, ಎರಡನೆಯವಳು 2014ರ ಗುಂಪಿನ ತಲೆಯಲ್ಲಿ. ತರಗತಿಯಲ್ಲಿ ಚಿಕ್ಕವಳು ಆಟದಲ್ಲಿ ದೊಡ್ಡವಳಾದಳು. 14 ವರ್ಷದೊಳಗಿನವರ ಗುಂಪು ದಾಟುವ ವರ್ಷ ಇದರ ಪೆಟ್ಟು ಬೀಳುತ್ತದೆ: ಕೂಡಿ ಆಡುತ್ತಿದ್ದ ತಂಡ ಎರಡು ತುಂಡಾಗಿ, ಅರ್ಧ ಮಕ್ಕಳು 17ರ ಗುಂಪಿಗೆ ಹೋಗುತ್ತಾರೆ. ಅಮೆರಿಕದ ಯುವ ಫುಟ್‌ಬಾಲ್ ಸಂಸ್ಥೆಗಳು 2026–27ರಿಂದ ಜನವರಿ ಬಿಟ್ಟು ಆಗಸ್ಟ್ 1ಕ್ಕೆ ಮರಳುವುದಕ್ಕೂ ಮುಖ್ಯ ಕಾರಣ ಇದೇ, ಸಹಪಾಠಿಗಳು ಬೇರೆಯಾಗಬಾರದು ಅಂತ.

ಆ 17ರ ಗುಂಪಿನ ಬಗ್ಗೆ ಒಂದು ಮಾತು. ಶಾಲಾ ಕ್ರೀಡಾಕೂಟದಲ್ಲಿ 14 ಆದಮೇಲೆ ನೇರವಾಗಿ 17. ಅಂದರೆ ಮೂರು ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಒಟ್ಟಿಗೆ. ಹುಡುಗರು ಅತಿ ವೇಗವಾಗಿ ಎತ್ತರ ಆಗುವುದು 14ರ ಆಸುಪಾಸಿನಲ್ಲಿ, ಆಗ ವರ್ಷಕ್ಕೆ 9–10 ಸೆಂಟಿಮೀಟರ್ ಏರುವುದೂ ಉಂಟು. ಆ ಬೆಳವಣಿಗೆ ಇನ್ನೂ ಶುರುವಾಗದವನು ಮುಗಿಸಿದವನ ಎದುರು ನಿಲ್ಲಬೇಕು. ತಾಲ್ಲೂಕು ಮಟ್ಟದಲ್ಲಿ ಒಂದು ವರ್ಷ ಬೆಂಚಿನಲ್ಲಿ ಕೂತ ಹುಡುಗ ಮರುವರ್ಷ ಶೂ ಹಾಕುವುದೇ ಇಲ್ಲ. ನನ್ನ ಪ್ರಕಾರ ಜನವರಿ–ಡಿಸೆಂಬರಿನ ಅನ್ಯಾಯಕ್ಕಿಂತ ಇದು ದೊಡ್ಡದು, ಆದರೆ ಇದರ ಮಾತು ಯಾರೂ ಎತ್ತುವುದಿಲ್ಲ.

ಇನ್ನು ದೈಹಿಕ ಶಿಕ್ಷಕರಿಗೆ. ಕೆಜಿಎಫ್‌ನಂಥ, ಗಣಿಯ ಕಾಲದಿಂದ ಫುಟ್‌ಬಾಲ್ ಆಡಿದ ಊರಿನಲ್ಲಿ ಮಕ್ಕಳಿಗೆ ಬರ ಇಲ್ಲ. ಆಯ್ಕೆಯ ದಿನ 60 ಜನ ಬಂದು ನಿಂತರೆ ಕಣ್ಣು ಎತ್ತರದವರ ಮೇಲೇ ಬೀಳುತ್ತದೆ. ಅದಕ್ಕೊಂದು ಸುಲಭ ಉಪಾಯ ಇದೆ. ಬಿಬ್ (ಅಂಗಿಯ ಮೇಲೆ ತೊಡುವ ನಂಬರಿನ ಮೇಲಂಗಿ) ಕೊಡುವಾಗ ವಯಸ್ಸಿನ ಕ್ರಮದಲ್ಲಿ ನಂಬರ್ ಕೊಡಿ, ಎಲ್ಲರಿಗಿಂತ ದೊಡ್ಡವನಿಗೆ 1, ಚಿಕ್ಕವನಿಗೆ ಕೊನೆಯ ನಂಬರ್. ನೆದರ್ಲೆಂಡ್ಸ್‌ನಲ್ಲಿ 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಯ್ಕೆಗಾರರ ಕೈಗೆ ಜನ್ಮದಿನಾಂಕದ ಪಟ್ಟಿ ಕೊಟ್ಟರೂ ಅವರ ಒಲವು ಬದಲಾಗಲಿಲ್ಲ. ಅಂಗಿಯ ನಂಬರೇ ವಯಸ್ಸು ಹೇಳಿದಾಗ ಬದಲಾಯಿತು. ಪಟ್ಟಿ ಜೇಬಿನಲ್ಲಿರುತ್ತದೆ, ನಂಬರ್ ಕಣ್ಣೆದುರಿರುತ್ತದೆ.

60 ಮೀಟರ್ ಓಟ, ದೂರದ ಕಿಕ್, ಇವು ಮೈಕಟ್ಟು ತೋರಿಸುವ ಪರೀಕ್ಷೆಗಳು, ಕೊನೆಗಿರಲಿ. ಮೊದಲು 30ಕ್ಕೆ 20 ಮೀಟರ್ ಸುಣ್ಣದ ಗೆರೆ ಎಳೆದು, ನಾಲ್ವರಿಗೆ ನಾಲ್ವರು, ಎಂಟೆಂಟು ನಿಮಿಷ ಆಡಿಸಿ. 12ರ ಒಳಗಿನವರಿಗೆ 4ನೇ ಸೈಜಿನ ಚೆಂಡೇ ಇರಲಿ. 5ನೇ ಸೈಜಿನದು 410ರಿಂದ 450 ಗ್ರಾಂ ತೂಗುತ್ತದೆ, ಚಿಕ್ಕವನ ಪಾಸ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಚೆಂಡು ಬರುವ ಮೊದಲು ಯಾರು ಹೆಗಲ ಮೇಲಿಂದ ಹಿಂದೆ ನೋಡುತ್ತಾರೆ, ಮೊದಲ ಸ್ಪರ್ಶಕ್ಕೇ ಯಾರಿಗೆ ಚೆಂಡು ಒಗ್ಗುತ್ತದೆ, ಇದನ್ನು ಗಮನಿಸಿ.

ಎತ್ತರದ ಲೆಕ್ಕ ಮನೆಯಲ್ಲೇ ಇಡಬಹುದು. ತಂದೆ, ತಾಯಿಯ ಎತ್ತರ ಕೂಡಿಸಿ, ಗಂಡುಮಗುವಾದರೆ 13 ಸೇರಿಸಿ, ಹೆಣ್ಣಾದರೆ 13 ಕಳೆದು, ಎರಡರಿಂದ ಭಾಗಿಸಿ. ತಂದೆ 165, ತಾಯಿ 152 ಅಂದರೆ ಮಗ ಅಂದಾಜು 165 ಸೆಂಟಿಮೀಟರ್ ಆದಾನು. ಈಗ 143 ಇದ್ದರೆ ನೂರಕ್ಕೆ 87 ಭಾಗ ಬೆಳೆದಿದ್ದಾನೆ. ಪಕ್ಕದವನ ಅಂದಾಜು 168 ಇದ್ದು, ಅವನೀಗ 155 ಆಗಿದ್ದರೆ 92 ಭಾಗ. ಒಂದೇ ತಿಂಗಳಲ್ಲಿ ಹುಟ್ಟಿದ್ದರೂ ದೇಹದ ಲೆಕ್ಕದಲ್ಲಿ ಇವರು ಜೊತೆಯವರಲ್ಲ. ಇಂಗ್ಲೆಂಡಿನ ಕ್ಲಬ್ಬುಗಳು ಹುಡುಗರನ್ನು ಇದೇ ರೀತಿ, 85ರಿಂದ 90 ಭಾಗ ಬೆಳೆದವರು ಒಂದು ಗುಂಪು ಅಂತ ಆಡಿಸಿ ನೋಡಿವೆ. ಅವರ ಸೂತ್ರ ಇದಕ್ಕಿಂತ ನಿಖರ, ನಮ್ಮದು ಹತ್ತಿರದ ಅಂದಾಜು. ಅಳೆಯುವುದು ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ, ಬೆಳಿಗ್ಗೆ. ಸಂಜೆಗೆ ಬೆನ್ನುಮೂಳೆ ಕುಗ್ಗಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಸಾಕು. ಎರಡು ಅಳತೆಗಳ ನಡುವೆ ಎರಡು ಸೆಂಟಿಮೀಟರ್ ದಾಟಿದರೆ ಜಿಗಿತ, ವೇಗದ ಓಟ ಕಡಿಮೆ ಮಾಡಿ. ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಅಂದರೆ ಸೋಮಾರಿತನ ಅಂತ ಬೈಯಬೇಡಿ, ವೈದ್ಯರಿಗೆ ತೋರಿಸಿ.

ಕೆಲವರಿಗೆ ಸುಲಭದ ದಾರಿ ಹೊಳೆಯುತ್ತದೆ: ವಯಸ್ಸು ಒಂದು ವರ್ಷ ಇಳಿಸುವುದು. ಅದನ್ನು ಹಿಡಿಯಲು ಫಿಫಾ 2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ತಂದಿದೆ. ಮುಂದೋಳಿನ ರೇಡಿಯಸ್ ಮೂಳೆಯ ತುದಿ ಪೂರ್ತಿ ಬೆಸೆದುಕೊಂಡಿದ್ದರೆ ಆಟಗಾರ ಹೊರಗೆ. ಬೇಗ ಬಲಿತ ಪ್ರಾಮಾಣಿಕ ಹುಡುಗ ಅಪರೂಪಕ್ಕೆ ಇದರಲ್ಲಿ ಸಿಕ್ಕಿಕೊಳ್ಳುವುದೂ ಉಂಟು, ಯಂತ್ರ ನೋಡುವುದು ಮೂಳೆಯನ್ನು, ಪಂಚಾಂಗವನ್ನಲ್ಲ.

ನಮ್ಮ ಕಡೆ ಹೆಚ್ಚು ಮಕ್ಕಳು ಬೀಳುವುದು ಕಾಗದದ ಮೇಲೆ. ಜನನ ಪ್ರಮಾಣಪತ್ರದಲ್ಲಿ ಒಂದು ತಾರೀಖು, ಶಾಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಶಾಲೆಯದೇ ನಕಲು. ನೋಂದಣಿಯ ಕೊನೆಯ ದಿನ ಗೊತ್ತಾದರೆ ಮಾಡುವುದೇನೂ ಉಳಿಯುವುದಿಲ್ಲ. ಬೇಸಿಗೆ ರಜೆಯಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ತಾರೀಖು, ಹೆಸರಿನ ಅಕ್ಷರ, ತಂದೆಯ ಇನಿಷಿಯಲ್ ನೋಡಿ. ಜನನ ನೋಂದಣಿಯೇ ಆಗಿರದಿದ್ದರೆ ಇನ್ನೂ ಮೊದಲೇ ಹೊರಡಿ. ಹುಟ್ಟಿ ವರ್ಷ ದಾಟಿದ ಮೇಲೆ ಅಧಿಕಾರಿಯ ಆದೇಶ ಬೇಕಾಗುತ್ತದೆ, ಓಡಾಟ ಹಿಡಿಯುತ್ತದೆ.

ಆಯ್ಕೆ ಮುಗಿದ ಸಂಜೆ ಮೇಷ್ಟ್ರು ಇನ್ನೊಂದು ಹಾಳೆ ಬರೆದಿಟ್ಟುಕೊಳ್ಳಲಿ: ಹೊರಗುಳಿದವರಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರಿನಲ್ಲಿ ಹುಟ್ಟಿದವರ ಹೆಸರು, ಅಂದಿನ ಎತ್ತರ. ಆರು ತಿಂಗಳ ನಂತರ ಆ ಹಾಳೆಯಲ್ಲಿರುವವರನ್ನೆಲ್ಲ ಮತ್ತೆ ಮೈದಾನಕ್ಕೆ ಕರೆಯಲಿ. ನಮಸ್ಕಾರ.